ಶರಣಮ್ಮನ ಲೋಟಗಳು

ಕಮಲಾಪುರದ ನನ್ನ ತಮ್ಮನ ಮನೆಯಲ್ಲಿ ಹಿಂದಿನ ಸಲ ಸಮಾರಂಭವಾದಾಗ, ಎಸೆದ ಪೇಪರ್ ಕಪ್ಪುಗಳು ಗಟಾರದಲ್ಲಿ ಸಿಕ್ಕಿಕೊಂಡು ಹೊಲಸು ನೀರು ದೇವರ ಜಗುಲಿಯವರೆಗೂ ಬಂದಿತ್ತು. ಇನ್ನು ಮೇಲೆ ಪೇಪರ್ ಕಪ್ಪು ಎಸೆಯುವ ಮಾತೇ ಇಲ್ಲ ಎಂದು ಅಂದೇ ಶಪಥ ಮಾಡಿದೆ. ಹೀಗಾಗಿ ಅವನ ಮಗಳು ಸುವರ್ಣಾಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದಾಗ, ಲೋಟಗಳ ಸಂಪೂರ್ಣ ಜವಾಬ್ದಾರಿಯನ್ನು, ಯಾರೂ ಕೇಳದಿದ್ದರೂ, ನಾನೇ ಹೊತ್ತುಕೊಂಡೆ!

ಶಹಾಬಜಾರದ ನಮ್ಮ ಮನೆಯ ಅಟ್ಟದಲ್ಲಿ ಮೂವತ್ತು ಹೊಸ ಸ್ಟೀಲ್ ಲೋಟಗಳಿದ್ದವು. ನಮ್ಮತ್ತೆಯ ಪುಣ್ಯತಿಥಿಗೆ ಹೆಸರು ಹಾಕಿಸಿ, ಬಂದವರಿಗೆ ಹಂಚಿ ಉಳಿದವು.

"ಅದರ ಮ್ಯಾಲ ಅವ್ವನ ಹೆಸರದ ಅಲ್ಲೇನ?" ಎಂದರು ಯಜಮಾನರು.

"ಇರಲಿ ಬಿಡ್ರಿ. ಶುಭ ಕೆಲಸಕ್ಕ ಅತ್ತಿಯವರ ಆಶೀರ್ವಾದ ಸಿಕ್ಕಂಗಾತು!"

"ನಿನ್ನ ಮುಂದ ಯಾರ್ ಮಾತಾಡಬೇಕು," ಎನ್ನುತ್ತ ಪಾಪ, ಲೋಟದ ಚೀಲ ಹೊತ್ತು ನನ್ನ ಹಿಂದೆ ಬಸ್ಸು ಹತ್ತಿದರು.

ಬಂದವರಿಗೆ ಬಾಳೆಲೆಯ ಮೇಲೆ ಚುರುಮುರಿಯ ಸುಸಲಾ, ಮಿರ್ಚಿ ಬಜಿ. ಆಮೇಲೆ ಥಳಥಳ ಲೋಟದಲ್ಲಿ ಚಹಾ. ಹುಡುಗನ ಅಜ್ಜಿ ಚಶ್ಮಾ ಸರಿಮಾಡಿಕೊಂಡು, ಲೋಟವನ್ನು ತಿರುಗಿಸಿ ತಿರುಗಿಸಿ ಗಟ್ಟಿಯಾಗಿ ಓದಿದರು.

"ಲಿಂಗೈಕ್ಯ ಶರಣಮ್ಮನವರ ಪುಣ್ಯಸ್ಮರಣೆಗಾಗಿ."

"ಹೌದ್ರಿ ಅಮ್ಮಾ," ಎಂದೆ ಭಕ್ತಿಯಿಂದ.

"ಯವ್ವಾ, ನನ್ನ ಹೆಸರೇ ಶರಣಮ್ಮ!"

ಪಡಸಾಲೆಯಲ್ಲಿ ಚಹಾದ ಸೊರಸೊರ ಸದ್ದು ನಿಂತೇ ಹೋಯಿತು. ಹುಡುಗನ ತಂದೆ ಎದ್ದೇಬಿಟ್ಟರು. "ಇದೇನ್ರಿ ಅಪಶಕುನ! ನಡೀರಿ ಎಲ್ಲಾರೂ."

ಬಾಗಿಲ ಮರೆಯಲ್ಲಿ ಸುವರ್ಣಾಳ ಕಣ್ಣು ತುಂಬಿತು. ಹುಡುಗ ಅವಳ ಮನಸ್ಸಿಗೆ ಬಂದಿದ್ದ. ನಾನು ಮನಸ್ಸಿನಲ್ಲೇ ನಮ್ಮೂರ ದೇವರು ಅಪ್ಪನ ಗುಡಿಗೆ ಕಾಯಿ ಹರಕೆ ಹೇಳಿಕೊಂಡೆ. ಒಂದಲ್ಲ, ಐದು!

ಅಜ್ಜಿ ಮಗನ ಅಂಗಿ ಹಿಡಿದು ಜಗ್ಗಿದರು. "ಕುಂದರೋ! ನಾ ಸತ್ತಮ್ಯಾಲ ನೀ ಎಂಥಾ ಲೋಟ ಹಂಚತಿ ಅಂತ ನನಗೇನ್ ಕಾಣಸ್ತದ? ಈ ತಂಗಿ ಈಗೇ ತೋರಿಸ್ಯಾಳ." ನನ್ನತ್ತ ತಿರುಗಿದರು. "ಆದರ ಲೋಟ ಸಣ್ಣವು ಆದವು ನೋಡವ್ವಾ!"

ಮೊದಲು ಹುಡುಗ ನಕ್ಕ. ಆಮೇಲೆ ಎಲ್ಲರೂ. ಸಂಜೆಯೊಳಗೆ ಮದುವೆ ನಿಕ್ಕಿಯಾಗಿ ಬಾಯಿಗೆ ಸಕ್ಕರೆ ಬಿತ್ತು. ದೇವರು ದೊಡ್ಡವನು!

ಬೀಗರೂ ಕೂಡಿದ್ದ ಓಣಿಯವರೂ ಹೋದ ಮೇಲೆ ಲೋಟ ತೊಳೆಯಲು ಹುಡುಕಿದೆ. ಒಂದೂ ಇಲ್ಲ! ಪುಣ್ಯಸ್ಮರಣೆಯ ಲೋಟವೆಂದ ಮೇಲೆ ಮನೆಗೆ ಒಯ್ಯುವುದೇ ಪದ್ಧತಿಯಲ್ಲವೇ? ಎಲ್ಲರೂ ತಮ್ಮ ತಮ್ಮದನ್ನು ಶ್ರದ್ಧೆಯಿಂದ ಒಯ್ದಿದ್ದರು. ಅಜ್ಜಿ ಎರಡು.

ಇರಲಿ, ಗಟಾರ ಸ್ವಚ್ಛವಾಗಿತ್ತು. ಖಾಲಿ ಚೀಲಕ್ಕೆ ನನ್ನ ತಮ್ಮ ಕೆಂಪು ಬಾಳೆಹಣ್ಣು ತುಂಬಿ ಕಳಿಸಿದ. ಬಸ್ ನಿಲ್ದಾಣದಲ್ಲಿ ಯಜಮಾನರು ನನಗೊಂದು ಚಹಾ ತಂದರು. ಪೇಪರ್ ಕಪ್ಪಿನಲ್ಲಿ.

"ಲೋಟ ಇದ್ರ ಕೊಡು, ಅದರಾಗ ಹಾಕಸ್ತೀನಿ," ಎಂದರು ನಗದೆ.

ಚಹಾ ಕುಡಿದು ಮುಗಿಸಿದೆ. ಎಸೆಯಲು ಮಾತ್ರ ಶಪಥ ಬಿಡಲಿಲ್ಲ. ಮೂವತ್ತು ಲೋಟ ಹೊರಿಸಿಕೊಂಡು ಹೋದವಳು, ಒಂದು ಪೇಪರ್ ಕಪ್ಪು ಹಿಡಿದು ಶಹಾಬಜಾರಕ್ಕೆ ವಾಪಸಾದೆ!