ಷಡ್ಡಕನ ಸೈಲೆನ್ಸರೂ ನನ್ನ ಹಳದಿ ದೀಪವೂ

ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ನನ್ನ ಷಡ್ಡಕ ಮಂಜಣ್ಣ, ಅಂದರೆ ನನ್ನ ಹೆಂಡತಿ ಸವಿತಳ ಅಕ್ಕನ ಗಂಡ, ನನಗಿಂತ ಎತ್ತರ, ನನಗಿಂತ ಬಿಳುಪು, ತಲೆಯಲ್ಲಿ ನನಗಿಂತ ಹೆಚ್ಚು ಕೂದಲು. ಇದ್ದುಕೊಳ್ಳಲಿ! ಆದರೆ ಅವನ ಪಿಕಪ್ ಗಾಡಿಯ ಸದ್ದು ಇದೆಯಲ್ಲ, ಅದೊಂದನ್ನು ಮಾತ್ರ ನನ್ನಿಂದ ಸಹಿಸಲಾಗಲಿಲ್ಲ.

ಕೆಂಕೆರೆಯಲ್ಲಿ ನಮ್ಮ ಮಾವನ ಮನೆ. ಮಂಜಣ್ಣನ ಗಾಡಿ ಕೆರೆ ಏರಿ ಹತ್ತಿದರೆ ಸಾಕು, ‘ಡುಬ್‌ಡುಬ್‌ಡುಬ್’ ಎಂದು ಊರಿಗೆಲ್ಲ ಕೇಳಿಸುತ್ತದೆ. ಅದು ಅಂಗಳ ಮುಟ್ಟುವಷ್ಟರಲ್ಲಿ ಬಿಸಿ ಮುದ್ದೆ, ಕೋಳಿ ಸಾರು, ಕೈ ತೊಳೆಯಲು ಚೊಂಬು ನೀರು, ಎಲ್ಲವೂ ಸಿದ್ಧ. ನನ್ನದೂ ಪಿಕಪ್ಪೇ, ಆದರೆ ಹೊಸದು. ಬೆಕ್ಕಿನ ಹಾಗೆ ಬರುತ್ತದೆ. ಬೆಕ್ಕಿಗೆ ಸಿಗುವ ಮರ್ಯಾದೆಯೇ ನನಗೂ ಸಿಗುತ್ತದೆ.

“ಅಯ್ಯೋ, ಯಾವಾಗ್ ಬಂದ್ರಿ? ಗೊತ್ತೇ ಆಗ್ಲಿಲ್ಲ ಕಣಪ್ಪ! ಉಂಡ್ಕಂಡೇ ಬಂದಿರ್ತೀರ ಬುಡಿ” ಎಂದು ಅತ್ತೆ ತಾವೇ ಪ್ರಶ್ನೆ ಕೇಳಿ, ತಾವೇ ಉತ್ತರ ಹೇಳಿ, ಬೆಳಗಿನ ಉಪ್ಪಿಟ್ಟಿನ ತಳ ಕೆರೆದು ಕೊಡುತ್ತಾರೆ. ಮೇಲಾಗಿ, ಅಟ್ಟದಲ್ಲಿ ಒಣಗಿದ ಮಾವನ ಕೊಬ್ಬರಿಯನ್ನು ತಿಪಟೂರು ಮಾರುಕಟ್ಟೆಗೆ ಸಾಗಿಸುವ ಗೌರವವೂ ಪ್ರತಿ ವರ್ಷ ಮಂಜಣ್ಣನಿಗೇ!

ನಾನು ಯಾರ ದನಿಯನ್ನು ಬೇಕಾದರೂ ತೆಗೆಯಬಲ್ಲೆ. ಒಮ್ಮೆ ಕೆಂಕೆರೆಯಿಂದ ವಾಪಸು ಬರುವಾಗ ಅತ್ತೆಯ ‘ಉಂಡ್ಕಂಡೇ ಬಂದಿರ್ತೀರ ಬುಡಿ’ಯನ್ನು ದಾರಿಯುದ್ದಕ್ಕೂ ಸವಿತಳಿಗೆ ಮಾಡಿ ತೋರಿಸಿದೆ. ಅವಳು ನಕ್ಕು, “ಎಲ್ಲಾರ ದನೀನೂ ತೆಗೀತೀರ. ಭಾವನ ಗಾಡಿ ದನಿ ತೆಗೀರಿ ನೋಡಾನ!” ಎಂದಳು.

ಮರುದಿನವೇ ತಿಪಟೂರಿನ ಒಬ್ಬ ಸೈಲೆನ್ಸರ್ ಪಂಡಿತನ ಮುಂದೆ ಗಾಡಿ ನಿಲ್ಲಿಸಿದೆ. ಅವನು ಕೆಳಗೆ ಇಣುಕಿ, “ಈ ದಪ್ಪ ಡಬ್ಬಿ ಹೊಗೆ ಸೋಸೋಕೆ ಸಾರ್. ಸದ್ದನ್ನೂ ಇದೇ ನುಂಗಾಕ್ತದೆ. ಕಿತ್ತಾಕಿ ನೇರ ಪೈಪ್ ಕೂರಿಸಿದ್ರೆ, ಸಿಂಹ!” ಎಂದ.

“ಕಿತ್ತಾಕು!” ಎಂದೆ.

ಸಿಂಹ ಗರ್ಜಿಸಿತು. ಜೊತೆಗೆ ಮೀಟರಿನಲ್ಲಿ ಒಂದು ಹಳದಿ ದೀಪವೂ ಹೊತ್ತಿಕೊಂಡಿತು.

“ಇದೇನಯ್ಯಾ?”

“ಹೊಸ ಪೈಪ್ ಅಲ್ವಾ ಸಾರ್, ಒಗ್ಗಬೇಕು. ತಾನೇ ಆರ್ತದೆ” ಎಂದು ಅವನು ಹಳೆಯ ಡಬ್ಬಿಯನ್ನು ನನ್ನ ಗಾಡಿಗೇ ಎಸೆದು ಕೈ ಒರೆಸಿಕೊಂಡ.

ಮನೆಗೆ ಬಂದರೂ ಒಗ್ಗಲಿಲ್ಲ. ಸವಿತ ಬಗ್ಗಿ ನೋಡಿ, “ಕೊಳಾಯಿ ಚಿತ್ರ ಇದ್ದಂಗೈತೆ ಕಣ್ರೀ. ನೀರು ಕೇಳ್ತೈತೆ” ಎಂದಳು. ತುಂಬಿದ್ದ ರೇಡಿಯೇಟರಿಗೆ ಮತ್ತೊಂದು ಕೊಡ ಸುರಿದೆ. ನೀರು ನನ್ನ ಪ್ಯಾಂಟಿಗೆ ಬಂತು. ದೀಪ ಹಾಗೇ ಇತ್ತು.

ಬಳಿಕ ಫೋನಿನಲ್ಲಿ ವಿಡಿಯೋ ಹುಡುಕಿದೆ. ಆ ಮಹಾಶಯನ ಹಿಂದಿ ಅರ್ಥವಾಗಲಿಲ್ಲ, ಕೈಸನ್ನೆ ಅರ್ಥವಾಯಿತು. ಬ್ಯಾಟರಿಯ ವೈರು ಬಿಚ್ಚಿ ಮತ್ತೆ ಹಾಕಿದೆ. ದೀಪ ಮಾಯ! ಬೀದಿಯವರನ್ನೆಲ್ಲ ಸೇರಿಸಿ ಇಂಜಿನಿಯರ್ ದನಿಯಲ್ಲಿ ಭಾಷಣ ಬಿಗಿದೆ. ಗಾಡಿ ಊರು ದಾಟುವ ಮೊದಲೇ ದೀಪ ಮತ್ತೆ ಹಾಜರಾಯಿತು. ವೈರು ಬಿಚ್ಚಿದಾಗ ಹೋದ ಮೀಟರಿನ ಗಡಿಯಾರ ಮಾತ್ರ ಬರಲಿಲ್ಲ.

ಕೊನೆಗೆ ಶಾಶ್ವತ ಪರಿಹಾರವೊಂದನ್ನು ಕಂಡುಹಿಡಿದೆ. ಸವಿತಳ ದೊಡ್ಡ ಹಣೆಬೊಟ್ಟೊಂದನ್ನು ದೀಪದ ಮೇಲೆ ಅಂಟಿಸಿದೆ.

“ರೀ, ಅದು ನಾನು ಮದುವೆಗಳಿಗೆ ಇಟ್ಕಂಡೋಗೋ ಬೊಟ್ಟು!”

“ಸುಮ್ನಿರೇ. ಗಾಡಿ ಮುತ್ತೈದೆ ಆಯ್ತು.”

ಹೀಗೆ ಸರ್ವಾಲಂಕಾರಭೂಷಿತನಾಗಿ ಕೆಂಕೆರೆಗೆ ಹೊರಟೆ. ಕೆರೆ ಏರಿಯ ಮೇಲೆ ಬೇಕೆಂದೇ ಎಕ್ಸಿಲರೇಟರ್ ಒತ್ತಿದೆ. ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಅಂಗಳದಲ್ಲಿ ಅತ್ತೆ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದರು. ಕೈಯಲ್ಲಿ ಚೊಂಬಿರಲಿಲ್ಲ.

“ಯಾರಪ್ಪ ಅದು? ಬೋರ್‌ವೆಲ್ ಲಾರಿನಾ? ನಮಗೆ ಬೋರ್ ಬ್ಯಾಡ, ಮುಂದಕ್ಕೋಗಿ!”

ಅಂದೂ ಉಪ್ಪಿಟ್ಟೇ! ಆದರೆ ಮಾವನಿಗೆ ಸದ್ದು ಹಿಡಿಸಿತು. “ಇಂಜಿನ್ ಗಟ್ಟಿಯಾಗೈತೆ ಕಣಪ್ಪ. ಈ ಸಲ ಕೊಬ್ಬರಿ ನೀನೇ ತಗಂಡೋಗು” ಎಂದುಬಿಟ್ಟರು. ಆ ಕ್ಷಣ ಮಂಜಣ್ಣ ಎದುರಿಗಿಲ್ಲವಲ್ಲ ಎಂಬುದೊಂದೇ ನನ್ನ ದುಃಖ.

ಮೂಟೆ ಹೇರಿಕೊಂಡು ಹುಳಿಯಾರು ದಾಟಿ, ಚಿಕ್ಕನಾಯಕನಹಳ್ಳಿ ಕಡೆಯ ಏರು ಸಿಕ್ಕಿತು ನೋಡಿ, ಗಾಡಿಯ ಉಸಿರು ಕಟ್ಟಿತು. ಎಷ್ಟು ಒತ್ತಿದರೂ ಸಿಂಹ ಗರ್ಜಿಸುತ್ತದೆ, ತೆವಳುತ್ತದೆ, ಓಡುವುದಿಲ್ಲ! ಬೊಟ್ಟಿನ ಸುತ್ತ ಹಳದಿ ಪ್ರಭಾವಳಿ ಬೇರೆ. ಹಿಂದೆ ಕುರಿಮಂದೆಯೊಂದು ಬಂತು. ಕುರಿ ಕಾಯುವವನು ಕಿಟಕಿಯ ಪಕ್ಕ ನಡೆಯುತ್ತಲೇ ಮಾತಾಡಿಸಿದ.

“ಸದ್ದು ನೋಡಿದ್ರೆ ಡೆಲ್ಲಿಗೆ ಹೊಂಟಂಗೈತೆ. ಒಸಿ ಜಾಗ ಬುಡಣ್ಣ, ಕುರಿ ಮುಂದಕ್ಕೋಗ್ಲಿ!”

ಕುರಿಗಳು ಮುಂದಕ್ಕೆ ಹೋದವು. ಒಂದು ಕುಂಟುತ್ತಿತ್ತು. ಅದೂ ಹೋಯಿತು.

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಕೂತಿದ್ದಾಗಲೇ ಹಿಂದಿನಿಂದ ಕೇಳಿಸಿತು, ಡುಬ್‌ಡುಬ್‌ಡುಬ್. ಬೇರೆ ಯಾರಾದರೂ ಆ ದಾರಿಯಲ್ಲಿ ಬರಬಾರದಿತ್ತೇ!

ಮಂಜಣ್ಣ ಇಳಿದು, ಗಾಡಿಯ ಕೆಳಗೆ ತೂರಿ ನೋಡಿದ. “ಲೇ ಗಿರೀಶ, ಹೊಗೆ ಡಬ್ಬಿ ಎಲ್ಲಲಾ? ಹೊಗೆ ಸೋಸ್ತಾ ಐತಾ ಇಲ್ವಾ ಅಂತ ನೋಡಾಕೆ ಒಂದು ಸೆನ್ಸರ್ ಇರ್ತದೆ. ಡಬ್ಬಿ ಇಲ್ಲ ಅಂತ ಅದು ಇಂಜಿನ್‌ಗೆ ಚಾಡಿ ಹೇಳೈತೆ. ಇಂಜಿನ್ ಮುನಿಸ್ಕಂಡೈತೆ.”

“ಮತ್ತೆ ನಿನ್ ಗಾಡಿ ಇಷ್ಟು ಸದ್ದು ಮಾಡಿದ್ರೂ ಓಡ್ತದಲ್ಲಣ್ಣ?”

“ನಂದು ಹಳೇ ಗಾಡಿ, ಅದ್ರಲ್ಲಿ ಇವೆಲ್ಲ ಎಲ್ಲವೆ? ಸೈಲೆನ್ಸರ್ ತೂತಾಗೈತೆ ಕಣ್ಲಾ, ಅದ್ಕೇ ಸದ್ದು! ನಿನ್ ಗಾಡಿ ಹಂಗೆ ಮೆತ್ತಗಿದ್ರೆ ಎಷ್ಟ್ ಚೆಂದ ಅಂತ ನಾನೇ ಹೊಟ್ಟೆ ಉರ್ಕಂತಿದ್ದೆ.”

“ಹಂಗಾದ್ರೆ ನೀನು ಬರೋದು ಅತ್ತೆಗೆ ಮೊದ್ಲೇ ಹೆಂಗ್ ಗೊತ್ತಾಗ್ತದೆ?”

“ಫೋನ್ ಮಾಡ್ತೀನಿ.”

ಇಷ್ಟೇ! ಕೊಬ್ಬರಿ ಮೂಟೆಗಳು ಅವನ ಗಾಡಿಗೆ ದಾಟಿದವು. ಡುಬ್‌ಡುಬ್ ಎಂದು ಅವನು ತಿಪಟೂರಿಗೆ ಹೋದ. ನಾನು ಖಾಲಿ ಗಾಡಿಯಲ್ಲಿ ಗರ್ಜಿಸುತ್ತಾ, ತೆವಳುತ್ತಾ ಮನೆ ಸೇರಿದೆ.

ಹಳೆಯ ಡಬ್ಬಿಯನ್ನು ಹುಡುಕಿದರೆ, ಸವಿತ ಅದನ್ನು ಬಚ್ಚಲ ಒಲೆಗೆ ಹೊಗೆ ಕೊಳವೆಯಾಗಿ ಸಿಕ್ಕಿಸಿಕೊಂಡಿದ್ದಳು. “ಹೊಗೆ ಬಲು ಚೆನ್ನಾಗಿ ಹೋಗ್ತೈತೆ ಕಣ್ರೀ, ಕೀಳ್ಬೇಡಿ!” ಎಂದು ಅಳುವಂತಾದಳು. ಕಿತ್ತು, ಮಸಿ ಜಾಡಿಸಿ, ಬೇರೊಂದು ವರ್ಕ್‌ಶಾಪಿನಲ್ಲಿ ಮೊದಲಿನಂತೆ ಹಾಕಿಸಿದೆ. ಅಲ್ಲಿನವರು ಅದರ ಮಸಿಯನ್ನು ನೋಡಿದರು, ನನ್ನನ್ನು ನೋಡಿದರು. ಗಾಡಿಗೆ ಯಂತ್ರವೊಂದರ ವೈರು ಚುಚ್ಚಿ ಇಂಜಿನ್ನಿನ ಮುನಿಸನ್ನು ಅಳಿಸಿದರು. ದೀಪ ಆರಿತು.

ಮುಂದಿನ ಸಲ ಕೆಂಕೆರೆಗೆ ಹೋಗುವಾಗ ಕೆರೆ ಏರಿಯ ಮೇಲೆ ನಿಲ್ಲಿಸಿ ಫೋನ್ ತೆಗೆದೆ. ನನ್ನ ದನಿಯಲ್ಲಿ ಹೇಳಿದರೆ ಬಿಸಿ ಉಪ್ಪಿಟ್ಟು ಬರಬಹುದು, ಅಷ್ಟೇ. ಅತ್ತೆ ಕನ್ನಡಕ ಹಾಕಿಕೊಂಡು ಹೆಸರು ನೋಡಿ ಫೋನ್ ಎತ್ತುವವರಲ್ಲ. ಗಂಟಲು ಸರಿಮಾಡಿಕೊಂಡು ಸಾಕ್ಷಾತ್ ಮಂಜಣ್ಣನೇ ಆದೆ.

“ಅತ್ತೇ, ನಾನು ಮಂಜ. ಏರಿ ಹತ್ರ ಬಂದೆ. ಕೋಳಿ ಸಾರು ಮಾಡ್ಬುಡಿ.”

ಆ ಕಡೆಯಿಂದ ಅತ್ತೆ ಕೇಳಿದರು,

“ಹೌದಾ? ಹಂಗಾರೆ ಇಲ್ಲಿ ನನ್ ಎದುರಿಗೆ ಕೂತ್ಕಂಡು ಮುದ್ದೆ ಮುರೀತಾವ್ನಲ್ಲ, ಇವ್ನು ಯಾರು?”

ಆ ದಿನ ನನ್ನ ಗಾಡಿ ಒಂದಿಷ್ಟೂ ಸದ್ದಿಲ್ಲದೆ ಅಂಗಳಕ್ಕೆ ಹೋಗಿ ನಿಂತಿತು. ಒಳಗಿನ ನಗು ಮಾತ್ರ ಕೆರೆ ಏರಿಯವರೆಗೂ ಕೇಳುತ್ತಿತ್ತು!