ಒದೆಯದ ಕೋವಿ ಬೇಕಾಗಿದೆ

ನನ್ನ ಅತ್ತೆಯ ಕೈಗೆ ಕೋವಿ ಬರುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಎಂದು ಮೊತ್ತಮೊದಲು ಹೇಳಿದವರು ಯಾರು ಗೊತ್ತೇ? ಪೊಲೀಸರಲ್ಲ, ತಹಶೀಲ್ದಾರರಲ್ಲ. ನಾನು! ನಮ್ಮ ಕುಟುಂಬದಲ್ಲಿ ನನ್ನ ಮಾತಿಗೆ ಒಂದು ತೂಕವಿದೆ. ಮೀನಿನ ಬುಟ್ಟಿ ಹೊತ್ತ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲ ಜೀವ ನಾನು. ತಲ್ಲೂರಿನಿಂದ ಕುಂದಾಪುರದ ಕಾಲೇಜಿಗೆ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಹೋಗಿ, ರಜೆಯಲ್ಲಿ ಒಣಮೀನಿಗೆ ಕಾಗೆ ಕಾಯುತ್ತ ನೋಟ್ಸು ಬಾಯಿಪಾಠ ಮಾಡಿ, ಇಂಗ್ಲಿಷ್ ಪೇಪರನ್ನು ಎರಡನೇ ಸಲಕ್ಕೆ ಹೇಗೋ ದಾಟಿ ಪಡೆದ ಬಿಕಾಂ ಅದು. ಹಾಗಾಗಿ ಮಗುವಿಗೆ ಹೆಸರಿಡುವುದರಿಂದ ಹಿಡಿದು ಮಿಕ್ಸಿ ಆರಿಸುವವರೆಗೆ ಎಲ್ಲರೂ ನನ್ನನ್ನೇ ಕೇಳಬೇಕು. ಕೇಳುತ್ತಲೂ ಇದ್ದರು, ಅತ್ತೆಗೆ ಕೋವಿಯ ಹುಚ್ಚು ಹಿಡಿಯುವ ತನಕ.

ಅತ್ತೆ ಎಂದರೆ ಅಪ್ಪನ ಅಕ್ಕ. ಬಿಜೂರಿನಲ್ಲಿ ಮನೆ, ಹಿತ್ತಿಲಲ್ಲಿ ಒಂದಿಷ್ಟು ತೆಂಗು. ಹರೆಯವೆಲ್ಲ ಮನೆಮನೆಗೆ ಮೀನು ಮಾರಿ, ಈಗ ಮಕ್ಕಳ ಬಾಯಿಗೆ ಹೆದರಿ ಬುಟ್ಟಿ ಇಳಿಸಿದ್ದಾರೆ. ಎತ್ತರ ಎಷ್ಟೆಂದರೆ, ಬಸ್ಸಿನಲ್ಲಿ ನಿಂತಿದ್ದ ಅತ್ತೆಯನ್ನು ಕೂತಿದ್ದಾರೆಂದು ತಿಳಿದು ಕಂಡಕ್ಟರು ಸೀಟು ಬಿಡಿ ಎಂದದ್ದುಂಟು.

ಹುಚ್ಚು ಶುರುವಾದದ್ದು ಮರವಂತೆಯ ಕಡಲ ಬದಿಯಲ್ಲಿ. ಅಲ್ಲೊಬ್ಬ ಬಲೂನು ಕಟ್ಟಿ, ಗುಂಡು ಹೊಡೆಯಿರಿ ಎಂದು ಗಾಳಿ ಬಂದೂಕು ಕೊಡುತ್ತಿದ್ದ. ಅತ್ತೆ ಹೊಡೆದರು. ಬಲೂನು ಬಿಡಿ, ಬಲೂನು ಕಟ್ಟಿದ ಹಲಗೆಗೂ ತಾಗಲಿಲ್ಲ! ಒಂದು ಗುಂಡು ಕಡಲಿಗೇ ಹೋಯಿತು. ಪ್ರತಿ ಸಲ ತಪ್ಪಿದಾಗಲೂ ಅತ್ತೆ ಸೊಂಟ ಹಿಡಿದುಕೊಂಡು ನಗುವುದು. ಆ ನಗೆ ಕೇಳಿ ಚುರುಮುರಿ ತಿನ್ನುತ್ತಿದ್ದವರೆಲ್ಲ ಬಂದು ಸುತ್ತುಗಟ್ಟಿದರು. ಆಮೇಲೆ ನಾನು ಬಂದೂಕು ಹಿಡಿದು ಒಂದು ಸಾಲು ಬಲೂನನ್ನು ಠುಸ್ ಠುಸ್ಸೆಂದು ಒಡೆದೆ. ಯಾರಾದರೂ ನೋಡಿದರೇ? ಅಂಗಡಿಯವನು ಕೂಡ ನೋಡಲಿಲ್ಲ. ಈ ಅಮ್ಮ ನಿಂತರೆ ವ್ಯಾಪಾರ ಆಗುತ್ತದೆ ಎಂದು ಅತ್ತೆಗೆ ಪುಕ್ಕಟೆ ಗುಂಡು ತುಂಬಿಸಿ ಕೊಡುವುದರಲ್ಲಿ ಅವನು ಮಗ್ನ. ನನ್ನ ಹೊಟ್ಟೆಯಲ್ಲಿ ಮೊದಲ ಕಿಡಿ ಬಿದ್ದದ್ದು ಅಲ್ಲೇ.

ಅಷ್ಟು ತಪ್ಪಿದ ಮೇಲೆ ಮನುಷ್ಯರು ಮನೆಗೆ ಹೋಗಿ ಮೀನು ಹುರಿದುಕೊಂಡು ಸುಮ್ಮನಿರುತ್ತಾರೆ. ಅತ್ತೆಯ ತೀರ್ಮಾನವೇ ಬೇರೆ. ತಪ್ಪು ಕಣ್ಣಿನದ್ದಲ್ಲ, ಕೈಯದ್ದಲ್ಲ, ಬಂದೂಕಿನದ್ದು!

"ಅದ್ ದೊಡ್ಡದಾಯ್ತ್ ಕಾಣ್. ನನ್ ಅಳ್ತಿದ್ ಒಂದ್ ಕೋವಿ ಬೇಕ್. ಒದುಕಾಗ."

ರವಿಕೆಗೆ ಅಳತೆ ಹೇಳಿದ ಹಾಗೆ! ಮೇಲಿಂದ ಒದೆಯಲೂ ಬಾರದಂತೆ! ಕೋವಿ ಅಂದಮೇಲೆ ಗುಂಡು ಮುಂದಕ್ಕೆ, ಒದೆತ ಹಿಂದಕ್ಕೆ, ಅತ್ತೆಯಂಥವರು ಅದಕ್ಕೂ ಹಿಂದಕ್ಕೆ. ಅದಲ್ಲದೆ ಲೈಸೆನ್ಸು ಯಾರು ಕೊಡುತ್ತಾರೆ, ಈ ವಯಸ್ಸಿಗೆ, ಈ ಎತ್ತರಕ್ಕೆ? ಸಾಧ್ಯವೇ ಇಲ್ಲ ಎಂದೆ. ಗಿಡ್ಡದವರಿಗೆ ಇಲ್ಲವೆಂದು ಎಲ್ಲಾದರೂ ಬರೆದಿದೆಯೇ ಎಂದು ಅತ್ತೆ ಕೇಳಿದರು. ಬಿಕಾಂನಲ್ಲಿ ಆ ಪಾಠ ಇರಲಿಲ್ಲ.

ಹೋಗಲಿ, ಸಣ್ಣ ಕೋವಿ ಯಾವುದು ಎಂಬ ವಿಚಾರಕ್ಕಾದರೂ ನನ್ನನ್ನು ಕೇಳಿದರಲ್ಲ, ಅಷ್ಟೇ ಸಮಾಧಾನ. ಹನ್ನೆರಡು ಬೋರು ಅಂತ ಒಂದು, ಇಪ್ಪತ್ತು ಬೋರು ಅಂತ ಇನ್ನೊಂದು. ಇದಕ್ಕೂ ಡಿಗ್ರಿ ಬೇಕೇ? ಇಪ್ಪತ್ತಕ್ಕಿಂತ ಹನ್ನೆರಡು ಸಣ್ಣದು ಎಂದು ತೀರ್ಪು ಕೊಟ್ಟೆ. ಮನೆಯವರೆಲ್ಲ ತಲೆಯಾಡಿಸಿದರು. ಅತ್ತೆ ಊರೆಲ್ಲ ಅದನ್ನೇ ಹೇಳಿಕೊಂಡು ಬಂದರು. ಕೊನೆಗೆ ಶಂಕರನಾರಾಯಣ ಊರಿನ ಕಡೆಯ ಕೃಷಿಕರೊಬ್ಬರು, ಮನೆಯಲ್ಲೇ ಕೋವಿ ಇದ್ದವರು, ನಕ್ಕು ನಕ್ಕು ಕಣ್ಣೊರೆಸಿಕೊಂಡು ಹೇಳಿದರಂತೆ: ನಂಬ್ರ ದೊಡ್ಡದಾದಷ್ಟೂ ನಳಿಗೆ ಸಣ್ಣದು, ಒದೆತವೂ ಕಡಿಮೆ, ಹನ್ನೆರಡು ಅಂದರೆ ಸರಿಯಾಗಿ ಒದೆಯುವಂಥದ್ದು. ಅತ್ತೆಗೆ ಬೇಸರವೇ ಇಲ್ಲ. "ನಮ್ ಹೆಣ್ಣ್ ಓದಿದ್ದ್ ಬಿಕಾಂ. ಕೋವಿ ಅಲ್ಲ ಅಲ್ದಾ" ಎಂದು ನನ್ನ ಪರವಾಗಿ ವಾದಿಸಿ ಬಂದಿದ್ದರು. ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಸರಿ, ಕೋವಿಯನ್ನು ಹೆಗಲಿಗಿಟ್ಟು ನೋಡದೆ ಆರಿಸುವುದು ಹೇಗೆ? ಇಲ್ಲಿ ಅತ್ತೆಯ ಬುದ್ಧಿ ಓಡಿತು. ಚುನಾವಣೆ ಬಂದರೆ ಬೆಳೆ ಕಾಯಲು ಕೋವಿ ಇಟ್ಟುಕೊಂಡವರೆಲ್ಲ ಅದನ್ನು ಸ್ಟೇಷನ್ನಿಗೆ ಒಪ್ಪಿಸಬೇಕಲ್ಲ? ಈ ಸಲ ಒಪ್ಪಿಸುವ ದಿನ ಬೆಳಿಗ್ಗೆ ಅತ್ತೆ ನನ್ನನ್ನು ಎಳೆದುಕೊಂಡು ಅಲ್ಲಿಗೆ ಹೋದರು. ಗೋಣಿಯಲ್ಲಿ ಸುತ್ತಿದ್ದು, ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿದ್ದು, ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡದ್ದು, ಮರದ ನೆರಳಿನಲ್ಲಿ ಕೋವಿಗಳ ಉದ್ದ ಸಾಲು!

"ಹ್ವಾಯ್, ಒಂಚೂರ್ ಕೊಡಿ ಕಾಂಬ. ಒದಿತ್ತಾ?"

ಅಂಜಲು ಮೀನು ಆರಿಸುವವರ ಹಾಗೆ ಒಂದೊಂದನ್ನೇ ಎತ್ತಿ, ತೂಕ ನೋಡಿ, ಹೆಗಲಿಗೆ ಒತ್ತಿ, ಉದ್ದ ಜಾಸ್ತಿ ಎಂದು ವಾಪಸು ಕೊಟ್ಟು ಮುಂದೆ ಸರಿದರು. ಒದೆತದ ಪ್ರಶ್ನೆ ಕೇಳಿದ್ದೇ ತಡ, ಗಂಡಸರ ಎದೆ ಉಬ್ಬಿತು. ಒಬ್ಬರ ಕೋವಿ ಅವರ ಅಜ್ಜನನ್ನು ಗದ್ದೆಗೆ ಬೀಳಿಸಿತ್ತಂತೆ. ಇನ್ನೊಬ್ಬರಿಗೆ ವಾರಗಟ್ಟಲೆ ಕೈ ಎತ್ತಲಾಗಿರಲಿಲ್ಲವಂತೆ. ಒದೆಯದ ಕೋವಿ ಇಡೀ ತಾಲೂಕಿನಲ್ಲಿ ಇಲ್ಲವೇ ಇಲ್ಲ! ಸಾಲಿನ ತುದಿಯಲ್ಲಿದ್ದ ಸಣಕಲು ಯಜಮಾನರೊಬ್ಬರು ಮಾತ್ರ ಆಚೀಚೆ ನೋಡಿ ದನಿ ತಗ್ಗಿಸಿದರು. "ನಂದ್ ಅಷ್ಟ್ ಒದುದಿಲ್ಲ ಅಕ್ಕ. ಯಾರಿಗೂ ಹೇಳ್ಬೇಡಿ."

ಇಪ್ಪತ್ತು ಬೋರು. ಹೆಗಲಿಗೆ ತಾಗುವ ಮರದ ಬುಡ ಗಿಡ್ಡ, ತುದಿಗೆ ರಬ್ಬರು. ಅತ್ತೆ ಅದಕ್ಕೆ ಕೆನ್ನೆ ಕೊಟ್ಟು ಕಣ್ಣು ಮುಚ್ಚಿದರು. ಗುರಿ ಹಿಡಿಯುವಾಗ ಎರಡೂ ಕಣ್ಣು ಮುಚ್ಚುವವರನ್ನು ನಾನು ಮೊದಲು ನೋಡಿದ್ದು ಆಗ. ಅಷ್ಟರಲ್ಲಿ ಪೇದೆಯೊಬ್ಬರು ಓಡಿಬಂದು ಇದೇನು ಮೀನು ಮಾರ್ಕೆಟ್ಟಾ ಎಂದು ಗದರಿದರು. ಬಂದೂಕು ತರಬೇತಿಯ ಸರ್ಟಿಫಿಕೇಟು ಇಲ್ಲದೆ ಲೈಸೆನ್ಸಿನ ಅರ್ಜಿ ಮುಟ್ಟುವವರೇ ಇಲ್ಲ, ಬೇಕಾದರೆ ಚುನಾವಣೆ ಮುಗಿದ ಮೇಲೆ ಶಿಬಿರ ಇದೆ, ಬನ್ನಿ ನೋಡೋಣ ಎಂದರು. ಓಡಿಸಲೆಂದು ಆಡಿದ ಮಾತನ್ನು ಅತ್ತೆ ಆಮಂತ್ರಣವೆಂದು ಸ್ವೀಕರಿಸಿದರು!

ಶಿಬಿರಕ್ಕೆ ನಾನೂ ಸೇರಿದೆ. ಅತ್ತೆಗೆ ಜೊತೆ ಬೇಕಲ್ಲ ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಲೇ? ಅತ್ತೆಗೆ ಒಂದು ಸರ್ಟಿಫಿಕೇಟು ಬಂದು ನನಗೂ ಒಂದೇ ಇದ್ದರೆ ಸರಿಸಮ ಆಗಿಬಿಡುತ್ತೇವಲ್ಲ! ಮೊದಲ ದಿನ ಅಧಿಕಾರಿ ಕೋವಿ ಯಾಕೆ ಬೇಕೆಂದು ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರೂ ಬೆಳೆ, ಹಂದಿ ಎಂದರು. ನಾನು ಆತ್ಮರಕ್ಷಣೆ ಎಂದು ಒತ್ತಕ್ಷರ ತಪ್ಪದೆ ಹೇಳಿದೆ. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿ ನಿಂತಿದ್ದ ಅತ್ತೆ ಹೇಳಿದರು, "ಖುಷಿಗ್ ಸಾರ್. ಗೆರಟಿ ಸಾಲಾಗ್ ಇಟ್ಟ್ ಹೊಡುಕೆ."

ಅಧಿಕಾರಿ ತೆಂಗಿನ ಚಿಪ್ಪಿನ ಆ ಗೆರಟೆಗಳನ್ನು ನೆನೆದು ನಕ್ಕದ್ದೇ ನಕ್ಕದ್ದು. ಮಾರನೆಯ ದಿನದಿಂದ ದಿನದ ಮೊದಲ ನಮಸ್ಕಾರ ಗೆರಟೆ ಅಮ್ಮನಿಗೆ. ನನ್ನ ಹೆಸರನ್ನು ಅವರು ಕೊನೆಯವರೆಗೂ ಕೇಳಲಿಲ್ಲ.

ಗುಂಡು ಹೊಡೆಯುವ ದಿನ ಬಂತು. ಅಲ್ಲಿ ಇಪ್ಪತ್ತು ಬೋರೂ ಇಲ್ಲ, ರಬ್ಬರೂ ಇಲ್ಲ; ಎಲ್ಲರಿಗೂ ಶಿಬಿರದ ಒಂದೇ ಅಳತೆಯ ದೊಡ್ಡ ಬಂದೂಕು, ನೆಲದ ಮೇಲೆ ಬೋರಲು ಮಲಗಿ ಹೊಡೆಯಬೇಕು. ಕೊಟ್ಟ ಗುಂಡುಗಳನ್ನೆಲ್ಲ ಹೊಡೆದು ಮುಗಿಸಿದರೆ ಸರ್ಟಿಫಿಕೇಟು, ನಡುವೆ ಎದ್ದರೆ ಇಲ್ಲ. ಅತ್ತೆ ನಡುವೆ ಎದ್ದು ಬರಲಿ ಎಂದು ನನ್ನೊಳಗೆ ಒಂದು ಹಾರೈಕೆ ಇತ್ತು. ಸುಳ್ಳು ಯಾಕೆ? ಮೊದಲ ಗುಂಡಿಗೇ ಬಂದೂಕು ಒದ್ದ ಒದೆತಕ್ಕೆ ಅತ್ತೆಯ ಬಾಯಿಂದ ನಗು ಬರಲಿಲ್ಲ, ಹುಸ್ಸೆಂದು ಉಸಿರು ಹೊರಟಿತು. ಬುಟ್ಟಿ ಎತ್ತಿ ಇಳಿಸಿ ಸವೆದ ಬಲಹೆಗಲು ಅದು. ಸಾಕಮ್ಮ, ಏಳಿ ಎಂದರು ಅಧಿಕಾರಿ. ಅತ್ತೆ ಏಳಲಿಲ್ಲ. ಪಕ್ಕದಲ್ಲಿದ್ದ ಕೈಚೀಲಕ್ಕೆ ಕೈ ಹಾಕಿ ಒಂದು ಬಟ್ಟೆಯ ಸುರುಳಿ ತೆಗೆದರು. ಸಿಂಬೆ! ಬುಟ್ಟಿಯ ಕೆಳಗೆ ತಲೆಗೆ ಇಟ್ಟುಕೊಳ್ಳುವ ಸಿಂಬೆ. ಅದನ್ನು ಹೆಗಲಿಗೂ ಬಂದೂಕಿಗೂ ನಡುವೆ ಒತ್ತಿ, ಎರಡೂ ಕಣ್ಣು ಮುಚ್ಚಿ, ಉಳಿದದ್ದನ್ನೆಲ್ಲ ಹೊಡೆದು ಮುಗಿಸಿದರು. ಒಂದೂ ಗುರಿಗೆ ತಾಗಲಿಲ್ಲ. ಹಿಂದಿನ ಗುಡ್ಡಕ್ಕೆ ಮಾತ್ರ ಎಲ್ಲವೂ ತಾಗಿದವು.

ನನ್ನ ಗುಂಡುಗಳು ಹೆಚ್ಚುಕಡಿಮೆ ನಡುವಿಗೇ ಬಿದ್ದಿದ್ದವು. ಆದರೆ ತಾಗಿದವರಿಗೂ ತಪ್ಪಿದವರಿಗೂ ಒಂದೇ ನಮೂನೆಯ ಸರ್ಟಿಫಿಕೇಟು! ಇದ್ಯಾವ ನ್ಯಾಯ ಸ್ವಾಮಿ? ನನ್ನನ್ನು ಇಂಗ್ಲಿಷಿನಲ್ಲಿ ಎರಡೇ ಅಂಕಕ್ಕೆ ಬೀಳಿಸಿದ್ದರಲ್ಲ, ಅವರಿಗೆ ಈ ಉದಾರ ಬುದ್ಧಿ ಯಾಕೆ ಬರಲಿಲ್ಲ?

ಸಮಾರೋಪದಲ್ಲಿ ನನ್ನ ಹೆಸರು ಕರೆದಾಗ ಮರ್ಯಾದೆಗೆ ಬೇಕಾದಷ್ಟು ಚಪ್ಪಾಳೆ ಬಿತ್ತು. ಅತ್ತೆಯ ಪೂರ್ತಿ ಹೆಸರನ್ನು, ಅವರ ಅಪ್ಪನ ಹೆಸರಿನ ಸಮೇತ ಮೈಕಿನಲ್ಲಿ ಕರೆದರು. ಸಿಳ್ಳೆಯೋ ಸಿಳ್ಳೆ. ನಾನು ಬೆರಳ ತುದಿಯಿಂದ ತಟ್ಟಿದೆ. ಅತ್ತೆ ಮೆಟ್ಟಿಲಿಳಿದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ನಗಲಿಲ್ಲ. ಎರಡೂ ಕೈಯಲ್ಲಿ ಹಿಡಿದ ಕಾಗದ ಸರಸರ ಸದ್ದು ಮಾಡುತ್ತಿತ್ತು. ಹೆಗಲು ನೋಯುತ್ತದಾ ಎಂದು ಕೇಳಿದೆ. ಇಲ್ಲವೆಂದು ತಲೆಯಲ್ಲಾಡಿಸಿದರು. ಆಮೇಲೆ ಹಿಂದಿನವರಿಗೆ ಕೇಳದ ಹಾಗೆ ನನ್ನ ಕಡೆ ಬಾಗಿದರು.

"ಹೆಣೆ, ನೀ ಡಿಗ್ರಿ ತಕಂಬ ಹೊತ್ತಿಗೂ ಕೈ ಹೀಂಗೇ ನಡ್ಗಿತ್ತಾ? ನಾವ್ ಯಾರೂ ಕೇಳ್ಲೇ ಇಲ್ಲ ಕಾಣ್."