ಪರ್ವತ ದರ್ಶನಕ್ಕೆ ಕರೆದುಕೊಂಡು ಹೋದವಳು

ಊರಿನವರನ್ನು ಪರದೇಶ ಸುತ್ತಿಸುವ ಕೆಲಸಕ್ಕೆ ಇಳಿದವರಿಗೆ ನಗೆ ಪ್ರಸಂಗಗಳ ಬರಗಾಲವಿಲ್ಲ. ವಿಮಾನದಲ್ಲಿ ಒಂದಾದರೆ ಬಸ್ಸಿನಲ್ಲಿ ನಾಲ್ಕು, ಊಟದ ಮೇಜಿನಲ್ಲಿ ಲೆಕ್ಕವೇ ಇಲ್ಲ. ನಗುವವರು ಅವರು, ನಗೆಪಾಟಲಾಗುವವಳು ನಾನು. ಅದೊಂದೇ ಬೇಜಾರು.

ಬೋರ್ಡಿನ ಮಹಿಮೆ

ದುಬೈಯ ಟ್ರಾವೆಲ್ಸ್ ಕಂಪನಿಯೊಂದರಲ್ಲಿ ದುಡಿದು ಬಂದ ನಾನು ಗುರುವಾಯನಕೆರೆಯಲ್ಲಿ ಸಣ್ಣದೊಂದು ಆಫೀಸು ತೆರೆದೆ. ಜಾರ್ಜಿಯಾ, ಆರ್ಮೇನಿಯಾ ಎಂಬ ಎರಡು ದೇಶಗಳಿಗೆ ಜನರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಎರಡೂ ಕಡೆ ದ್ರಾಕ್ಷಿ ತೋಟ, ಎರಡೂ ಕಡೆ ವೈನು, ನಡುವೆ ಪರ್ವತಗಳು. ಇದ್ದದ್ದನ್ನು ಇದ್ದ ಹಾಗೆ ಹೇಳುವ ಕೆಟ್ಟ ಚಾಳಿಯಿಂದ ಮೊದಲು ‘ವೈನ್ ಟೂರ್’ ಎಂದು ಬೋರ್ಡು ಹಾಕಿಸಿದ್ದೆ. ಒಂದು ನರಪಿಳ್ಳೆಯೂ ಮೆಟ್ಟಿಲು ಹತ್ತಲಿಲ್ಲ. ಬೋರ್ಡು ಇಳಿಸಿ ‘ಪರ್ವತ ದರ್ಶನ ಯಾತ್ರೆ’ ಎಂದು ಬರೆಸಿದೆ. ಕೆಲವೇ ದಿನಗಳಲ್ಲಿ ಸೀಟು ಭರ್ತಿ.

ಬಂದವರಲ್ಲಿ ಪರ್ವತದ ಎತ್ತರ ಕೇಳಿದವರು ಯಾರೂ ಇಲ್ಲ. ಬೆಳ್ತಂಗಡಿಯ ಗುತ್ತಿಗೆದಾರರೊಬ್ಬರು ಬಾಗಿಲು ಅರ್ಧ ಮುಚ್ಚಿ, ದನಿ ತಗ್ಗಿಸಿ ಕೇಳಿದರು: “ಪರ್ವತ ದಿನಕ್ಕೆ ಎಷ್ಟು ಸಲ ಕೊಡ್ತಾರೆ? ಬರುವಾಗ ಎರಡು ಬಾಟ್ಲಿ ಪರ್ವತ ಮನೆಗೆ ತರ್ಲಿಕ್ಕೆ ಬಿಡ್ತಾರಾ?”

ಒಂದು ಆಸೆ

ಇದರಲ್ಲಿ ನಗಲು ಹೆಚ್ಚೇನೂ ಇಲ್ಲ, ಆದರೆ ಹೇಳದಿದ್ದರೆ ಮುಂದಿನದು ಅರ್ಥವಾಗದು. ನನಗೆ ಮೂವತ್ತಾರು ವಯಸ್ಸು. ಮದುವೆಯಾಗಬೇಕು ಎಂಬ ಆಸೆ ನನಗಿತ್ತು, ಚೆನ್ನಾಗಿಯೇ ಇತ್ತು. ವೇಣೂರಿನ ನಮ್ಮ ಮನೆಗೆ ಬಂದ ಸಂಬಂಧಗಳೆಲ್ಲ “ಜನರಿಗೆ ಕುಡಿಸುವ ಕೆಲಸದವಳಂತೆ” ಎಂದು ಹಿಂದೆ ಹೋಗುತ್ತಿದ್ದವು. ಹಾಗೆ ಹೇಳಿದವರಲ್ಲಿ ಇಬ್ಬರು ನನ್ನ ಜೊತೆ ಪರ್ವತ ದರ್ಶನ ಮಾಡಿ ಬಂದವರೇ. ನಾನೋ, ವೈನಿನ ಹನಿಯನ್ನೂ ನಾಲಗೆಗೆ ಮುಟ್ಟಿಸಿದವಳಲ್ಲ. ಎಲ್ಲರೂ ಕುಡಿದ ಮೇಲೆ ಪಾಸ್‌ಪೋರ್ಟುಗಳನ್ನು ಯಾರಾದರೂ ಕಾಯಬೇಕಲ್ಲ.

ಕಳೆದ ಸಲದ ಗುಂಪಿನಲ್ಲಿ ಬಂಟ್ವಾಳ ಕಡೆಯ ಒಬ್ಬ ಹಿರಿಯರಿದ್ದರು. ಯಾವುದೋ ಸೊಸೈಟಿಯ ಮಾಜಿ ಅಧ್ಯಕ್ಷರು. ಊರಿಡೀ ಅವರನ್ನು ಈಗಲೂ ಅಧ್ಯಕ್ಷರೆಂದೇ ಕರೆಯುತ್ತದೆ. ಮನೆಯಲ್ಲಿ ‘ಸಹಕಾರಿ ಅಧ್ಯಯನ ಪ್ರವಾಸ’ ಎಂದು ಹೇಳಿ ಬಂದಿದ್ದರು. ಎರಡನೆಯ ದಿನ ನನ್ನನ್ನು ಪಕ್ಕಕ್ಕೆ ಕರೆದರು.

“ನೋಡು ಮಗಾ, ನನ್ನ ತಂಗಿಯ ಮಗ ಮಸ್ಕತ್‌ನಲ್ಲಿದ್ದಾನೆ. ಒಳ್ಳೆ ಹುಡುಗ. ನಿನಗೆ ಸರಿಯಾಗ್ತಾನೆ. ನಾನು ಬ್ರೋಕರನ ಹತ್ರ ಮಾತಾಡ್ತೇನೆ. ಆದ್ರೆ ಈ ಟೂರಿನ ವಿಷಯ, ನನ್ನ ಹೆಸರು ಎಲ್ಲಿಯೂ ಬರಬಾರದು.”

“ಆಯ್ತು ಅಣ್ಣ” ಎಂದೆ. ಆ ಕ್ಷಣದಿಂದ ಅವರ ಬ್ಯಾಗು ಹೊರುವ ಕೆಲಸ ಡ್ರೈವರನಿಂದ ನನಗೆ ವರ್ಗವಾಯಿತು.

ಅಧ್ಯಕ್ಷ ಭಾಷಣ

ಜಾರ್ಜಿಯಾದವರ ಊಟದಲ್ಲಿ ಒಂದು ಕ್ರಮವಿದೆ. ಪಂಕ್ತಿಗೆ ಒಬ್ಬ ಯಜಮಾನನನ್ನು ಆರಿಸುತ್ತಾರೆ. ಅವನು ಲೋಟ ಎತ್ತಿ ನಾಲ್ಕು ಒಳ್ಳೆಯ ಮಾತು ಹೇಳಿ ಮುಗಿಸುವವರೆಗೆ ಯಾರೂ ಕುಡಿಯುವಂತಿಲ್ಲ. ಹಳ್ಳಿಯೊಂದರ ದ್ರಾಕ್ಷಿ ತೋಟದ ಮನೆಯಲ್ಲಿ ಊಟಕ್ಕೆ ಕೂತಾಗ ಆ ಮನೆಯ ಹಿರಿಯ, ಗೌರವಕ್ಕೆಂದು, ನಮ್ಮ ಅಧ್ಯಕ್ಷರನ್ನೇ ಯಜಮಾನನನ್ನಾಗಿ ಮಾಡಿ, ಕೈಗೆ ವೈನು ತುಂಬಿದ ಕೊಂಬು ಕೊಟ್ಟ. ನಮ್ಮ ಜಿಲ್ಲೆಯ ಮಾಜಿ ಅಧ್ಯಕ್ಷರ ಕೈಗೆ ಏನು ಕೊಟ್ಟರೂ ಅದು ಮೈಕಾಗುತ್ತದೆ ಎಂದು ಆ ಪಾಪದವನಿಗೆ ಏನು ಗೊತ್ತು!

“ವೇದಿಕೆಯ ಮೇಲಿರುವ ಗಣ್ಯರೇ” ಎಂದು ಸುರು ಮಾಡಿದರು. ವೇದಿಕೆ ಇರಲಿಲ್ಲ. ಸ್ವಾಗತ ಮಾಡಿದರು, ಪ್ರಾಸ್ತಾವಿಕ ನುಡಿದರು, ತಮ್ಮ ಅವಧಿಯಲ್ಲಿ ಸೊಸೈಟಿಗೆ ಹೊಸ ಗೋದಾಮು ಬಂದ ಕಥೆ ಹೇಳಿದರು. ಮನೆಯವರು ಎತ್ತಿದ ಲೋಟ ಇಳಿಸಲಾರದೆ ಕೈ ಬದಲಿಸುತ್ತಾ ಕೂತರು. ಬಿಸಿ ರೊಟ್ಟಿ ತಣ್ಣಗಾಯಿತು. ನಾನು ಗೋದಾಮನ್ನು ಇಂಗ್ಲಿಷಿಗೆ, ಅಲ್ಲಿಯ ಹುಡುಗಿ ಇಂಗ್ಲಿಷಿನಿಂದ ಅವರ ಭಾಷೆಗೆ ಸಾಗಿಸುತ್ತಿದ್ದೆವು. ಗುತ್ತಿಗೆದಾರರು ನನ್ನ ಕಿವಿಯಲ್ಲಿ, “ನಿಲ್ಲಿಸ್ಲಿಕ್ಕೆ ಹೇಳು ಮಾರಾಯ್ತಿ, ಗಂಟಲು ಒಣಗ್ತಾ ಉಂಟು” ಎಂದರು. ನಾನು ಹೇಗೆ ನಿಲ್ಲಿಸಲಿ? ಮಸ್ಕತ್‌ನ ಹುಡುಗ ಆ ಕೊಂಬಿನ ತುದಿಯಲ್ಲಿ ನೇತಾಡುತ್ತಿದ್ದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಕಡೆಗೆ ಅವರು ಧನ್ಯವಾದವನ್ನೂ ತಾವೇ ಸಮರ್ಪಿಸಿ, ಕೊಂಬನ್ನು ಒಂದೇ ಗುಟುಕಿಗೆ ಖಾಲಿ ಮಾಡಿದರು. ಮನೆಯ ಹಿರಿಯ ಕಣ್ಣೊರೆಸಿಕೊಂಡ. ಭಾಷಣ ಮನಸ್ಸಿಗೆ ತಾಗಿತೇ ಎಂದು ಕೇಳಿದೆ. ಆ ಹುಡುಗಿ ಅವನ ಮಾತನ್ನು ನನಗೆ ತಿಳಿಸಿದಳು: “ಇಲ್ಲವಂತೆ. ಇವರ ದೇಶದಲ್ಲಿ ಕುಡಿತ ಯಾಕೆ ಕಮ್ಮಿ ಅಂತ ಈಗ ಅರ್ಥವಾಯಿತಂತೆ.”

ಘಟ್ಟದ ಮೇಲೆ

ಪರ್ವತ ದಾಟಿ ಆರ್ಮೇನಿಯಾಕ್ಕೆ ಬಂದ ಮೇಲೆ ಅಲ್ಲಿಯ ಗೈಡ್ ಎದೆ ತಟ್ಟಿ, “ವೈನು ಮೊದಲು ಹುಟ್ಟಿದ್ದು ನಮ್ಮಲ್ಲಿ” ಎಂದ. ಹಿಂದಿನ ದಿನವಷ್ಟೇ ಜಾರ್ಜಿಯಾದ ಗೈಡ್ ಇದೇ ಮಾತನ್ನು ಹೀಗೆಯೇ ಎದೆ ತಟ್ಟಿ ಹೇಳಿದ್ದ. ಕರಾವಳಿಯವರಾದ ನಮ್ಮವರಿಗೆ ಈ ಜಗಳ ತಕ್ಷಣ ಅರ್ಥವಾಯಿತು. “ಇವರು ಘಟ್ಟದ ಮೇಲಿನವರು. ಘಟ್ಟದ ಮೇಲಿನವರು ಎಲ್ಲಿ ಹೋದರೂ ಹೀಗೆಯೇ” ಎಂದು ಅಧ್ಯಕ್ಷರು ತೀರ್ಪು ಕೊಟ್ಟರು. ಎರಡೂ ಕಡೆಯದನ್ನು ಸಮವಾಗಿ ಕುಡಿದದ್ದು ಮಾತ್ರ ಅವರ ನಿಷ್ಪಕ್ಷಪಾತ.

ಅಲ್ಲಿ ಮಾರ್ಗದ ಬದಿಯಲ್ಲಿ ಮನೆಯಲ್ಲಿ ಮಾಡಿದ ವೈನನ್ನು ಹಳೆಯ ಕೋಲಾ ಬಾಟ್ಲಿಗಳಲ್ಲಿ ತುಂಬಿ ಮಾರುತ್ತಾರೆ. ಮೂಡುಬಿದಿರೆಯ ಬಟ್ಟೆ ಅಂಗಡಿಯ ಯಜಮಾನರಿಗೆ ಅದನ್ನು ನೋಡಿ ಸ್ವರ್ಗ ಸಿಕ್ಕಿತು. ಅವರು ಕುಡಿಯದಂತೆ ಕಾಯಲಿಕ್ಕೆಂದೇ ಹೆಂಡತಿ ಜೊತೆಗೆ ಬಂದಿದ್ದರು; ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಈಗ ಹೆಂಡತಿಯ ಎದುರೇ “ಕೋಲಾ” ಎನ್ನುತ್ತಾ ಕುಡಿಯಬಹುದಲ್ಲ! ಎರಡು ಬಾಟ್ಲಿ ಕೊಂಡು ಸೀಟಿನ ಬಳಿ ಇಟ್ಟರು.

ಮುಂದೆ ತಿರುವುಗಳು ಸುರುವಾದವು. ನಮ್ಮ ಚಾರ್ಮಾಡಿ ಘಾಟಿ ಅದರ ಮುಂದೆ ಏನೂ ಅಲ್ಲ. ಯಜಮಾನರು ನಿದ್ದೆ ಹೋಗಿದ್ದರು. ಹೊಟ್ಟೆ ತೊಳಸಿದ ಅಕ್ಕ, ಕೋಲಾ ಕುಡಿದರೆ ಸರಿಯಾದೀತೆಂದು ಬಾಟ್ಲಿ ಎತ್ತಿ ಗಟಗಟ ಕುಡಿದರು. ನಾನು ಓಡಿ ಬರುವಷ್ಟರಲ್ಲಿ ಅರ್ಧ ಖಾಲಿ. ಗಂಡ ಎಚ್ಚರಾಗಿ ಬಾಟ್ಲಿ ನೋಡಿದರು, ಹೆಂಡತಿಯನ್ನು ನೋಡಿದರು. ವೈನೆಂದರೆ ತಾನು ಕೆಟ್ಟೆ, ಕೋಲಾ ಎಂದರೆ ಹೆಂಡತಿ ಇನ್ನೂ ಕುಡಿಯುತ್ತಾಳೆ.

“ಈ ದೇಶದ ಕೋಲಾ ಸ್ವಲ್ಪ ಒಗರು. ಆದ್ರೂ ತಲೆಸುತ್ತಿಗೆ ಒಳ್ಳೆ ಮದ್ದು ಮಾರಾಯ್ರೆ. ಆ ಇನ್ನೊಂದು ಬಾಟ್ಲಿಯನ್ನೂ ತೆಗೀರಿ” ಎಂದರು ಅಕ್ಕ.

ಊರಿಗೆ ಬಂದ ಮೇಲೆ ಆ ಯಜಮಾನರು ನನ್ನ ಬಗ್ಗೆ ಹಬ್ಬಿಸಿದ್ದು: “ಸಂಸಾರಸ್ಥ ಹೆಂಗಸರಿಗೂ ಕುಡಿಸುವವಳು.”

ಹೆಣ್ಣು ನೋಡುವ ಶಾಸ್ತ್ರ

ಅಧ್ಯಕ್ಷರು ಮಾತು ಉಳಿಸಿಕೊಂಡರು. ಬ್ರೋಕರ್ ಸಂಬಂಧ ತಂದ. ಒಂದು ಭಾನುವಾರ ಮಸ್ಕತ್‌ನ ಹುಡುಗ, ಅವನ ತಾಯಿ, ಸೋದರಮಾವನೆಂಬ ಸ್ಥಾನದಲ್ಲಿ ಅಧ್ಯಕ್ಷರು, ಅವರ ಹೆಂಡತಿ ವೇಣೂರಿಗೆ ಬಂದರು. ಹುಡುಗ ನನ್ನನ್ನು ನೋಡಿ ನಕ್ಕ. ನನಗೂ ಹಿಡಿಸಿದ.

ಹುಡುಗನ ತಾಯಿ ನೇರವಾಗಿ ಕೇಳಿದರು: “ಕುಡಿಯುವವರ ಟೂರು ಮಾಡ್ತಿ ಅಂತ ಜನ ಹೇಳ್ತಾರೆ. ನೀನೂ ಕುಡಿಯುವುದುಂಟಾ?”

“ಇಲ್ಲ ಅತ್ತೆ.”

“ಹಾಗಂತ ಹೇಳ್ಲಿಕ್ಕೆ ಯಾರಾದ್ರೂ ಉಂಟಾ?”

ನಾನು ಅಧ್ಯಕ್ಷರನ್ನು ನೋಡಿದೆ. ಇಡೀ ಪ್ರವಾಸದಲ್ಲಿ ನನ್ನ ಕೈಯಲ್ಲಿ ನೀರಿನ ಬಾಟ್ಲಿ ಬಿಟ್ಟು ಬೇರೇನೂ ಕಾಣದವರು. ಅವರು ಹೆಂಡತಿಯ ಮುಖ ನೋಡಿದರು, ಆಮೇಲೆ ನಮ್ಮ ಗೋಡೆಯ ಕ್ಯಾಲೆಂಡರ್ ನೋಡಿದರು. “ನನಗೆ ಹೇಗೆ ಗೊತ್ತು? ನಾನು ಈ ಹುಡುಗಿಯನ್ನು ನೋಡುವುದೇ ಇವತ್ತು” ಎಂದರು. ಅವರ ಹೆಸರು ಹೇಳುವುದಿಲ್ಲವೆಂದು ಒಪ್ಪಿದವಳು ನಾನೇ. ಅವರ ಬ್ಯಾಗು ಹೊತ್ತ ಹೆಗಲು ನೋಯತೊಡಗಿತು.

ಆಗ ಅಮ್ಮ ಪುನರ್ಪುಳಿ ಶರಬತ್ತು ತಂದರು. ಗಾಜಿನ ಲೋಟದಲ್ಲಿ ಕಡುಗೆಂಪು ಶರಬತ್ತು. ಅಧ್ಯಕ್ಷರು ಲೋಟ ತೆಗೆದುಕೊಂಡರು. ಬೆಳಕಿಗೆ ಹಿಡಿದು ಬಣ್ಣ ನೋಡಿದರು. ಓರೆ ಮಾಡಿ ಮೂರು ಸುತ್ತು ತಿರುಗಿಸಿದರು. ಮೂಗನ್ನು ಒಳಗೆ ತೂರಿಸಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡರು. ಎರಡು ದೇಶಗಳಲ್ಲಿ ಕಲಿತ ವಿದ್ಯೆ, ಕೈ ತನ್ನಷ್ಟಕ್ಕೇ ಮಾಡಿಬಿಟ್ಟಿತು.

“ಎಂತ ಅದರಲ್ಲಿ ನೋಡುವುದು?” ಎಂದರು ಹೆಂಡತಿ.

ಅಧ್ಯಕ್ಷರು ಕಣ್ಣು ತೆರೆದರು. ಪಾಪ, ಬೆವರಿದ್ದರು. “ನೊಣ” ಎಂದರು.

ಮೂರನೆಯ ದಿನ ಬ್ರೋಕರ್ ಬಂದು ಜಗಲಿಯಲ್ಲಿ ಕೂತ. ಹುಡುಗನ ತಾಯಿ ಹೇಳಿ ಕಳಿಸಿದ್ದರಂತೆ: “ಟೂರು ಗೀರು ನಮಗೆ ತೊಂದರೆ ಇಲ್ಲ. ಹುಡುಗಿ ಕುಡಿದ್ರೂ ಮದುವೆಯಾದ ಮೇಲೆ ಬಿಡಿಸಬಹುದಿತ್ತು. ಆದ್ರೆ ಶರಬತ್ತಿನಲ್ಲಿ ನೊಣ ಹಾಕಿ ಕೊಡುವ ಮನೆಯಿಂದ ಹೆಣ್ಣು ತರ್ಲಿಕ್ಕೆ ಆಗ್ಲಿಕ್ಕಿಲ್ಲ.”